ಪಡಸಾಲೆ ದೊಡ್ಡದಿರಬೇಕು

ಕಮಲಾಪುರ ದಾಟಿ ಕಂಪ್ಲಿ ರಸ್ತೆ ಹಿಡಿದರೆ ಬಂಡೆಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಮೊದಲು ಬಾಳೆತೋಟ, ಆಮೇಲೆ ಕಬ್ಬು, ಮತ್ತೆ ಬಾಳೆ. ಬುಕ್ಕಸಾಗರದ ಹತ್ತಿರ ಬರುವಷ್ಟರಲ್ಲಿ ಭತ್ತದ ಗದ್ದೆ ಶುರು. ಎಡಗಡೆ ಎಲ್ಲೋ ತುಂಗಭದ್ರೆ ಇದ್ದಾಳೆಂದು ಗಾಳಿಯೇ ಹೇಳುತ್ತದೆ. ಒಂದು ಕಡೆ ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ತಿರುಗಬೇಕು. ಟ್ರ್ಯಾಕ್ಟರ್ ಎದುರು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದಾದ ದಾರಿ ಅದು. ಅದರ ತುದಿಗೆ ಎರಡು ಬೇವಿನ ಮರ, ಮರದ ಹಿಂದೆ ಮನೆ.

ಊರವರು ಅದಕ್ಕೆ ದೊಡ್ಡ ಮನಿ ಅನ್ನುತ್ತಾರೆ. ಗೇಟಿಗೆ ಬೋರ್ಡಿಲ್ಲ, ಈಜುಕೊಳವಿಲ್ಲ. ಕಟ್ಟಿಸಿದ ಕುಟುಂಬದವರು ಮಕ್ಕಳ ಓದಿಗೆಂದು ಹೊಸಪೇಟೆ ಸೇರಿ ಬಹಳ ಕಾಲವಾಯಿತು. ಬೇಸಾಯ ಮಾತ್ರ ಬಿಟ್ಟಿಲ್ಲ. ಖಾಲಿ ಬಿದ್ದ ಮನೆ ಹಾಳಾಗುತ್ತದೆಂದು ಹಿಂದೆ ನಾಲ್ಕು ಕೋಣೆ, ಬಚ್ಚಲು, ಶೌಚಾಲಯ ಸೇರಿಸಿ ತಂಡವಾಗಿ ಬರುವವರಿಗೆ ಕೊಡತೊಡಗಿದರು. ಮದುವೆಗೆ ಸೇರಿದ ನೆಂಟರು, ಒಟ್ಟಿಗೆ ನಿವೃತ್ತರಾದ ಮೇಷ್ಟ್ರುಗಳು, ಬೆಂಗಳೂರಿನಿಂದ ಬರುವ ಗೆಳೆಯರ ಗುಂಪು, ಯಾರೇ ಬರಲಿ, ಇಡೀ ಮನೆಯನ್ನು ಒಂದೇ ತಂಡಕ್ಕೆ ಕೊಡುತ್ತಾರೆ. ಕೋಣೆ ಲೆಕ್ಕದಲ್ಲಿ ಹಂಚುವ ಮಾತೇ ಇಲ್ಲ.

ನಾವು ಹೋದದ್ದು ಮೂರು ತಲೆಮಾರು ಕೂಡಿಕೊಂಡು. ಹುಬ್ಬಳ್ಳಿಯಿಂದ ಸೋದರಮಾವನ ಕಡೆಯವರು, ದಾವಣಗೆರೆಯಿಂದ ಚಿಕ್ಕಮ್ಮಂದಿರು, ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು. ಬಾಗಿಲಲ್ಲಿ ನಿಂತಿದ್ದ ಅಡುಗೆಯಾಕೆ ಕೇಳಿದ ಮೊದಲ ಮಾತು ಇದು: "ಎಷ್ಟು ಮಂದಿ ಅದೀರವ್ವಾ? ರೊಟ್ಟಿ ಎಷ್ಟು ಬಡೀಲಿ?" ಗುರುತಿನ ಚೀಟಿಯ ನಕಲು, ರಿಜಿಸ್ಟರಿನ ಸಹಿ ಎಲ್ಲ ಆಮೇಲೆ ಆಯಿತು.

ತಲೆಬಾಗಿಲಿನ ಎರಡೂ ಬದಿಗೆ ಕಲ್ಲಿನ ಕಟ್ಟೆ. ಹೊಸ್ತಿಲು ದಾಟಿದರೆ ಹನ್ನೆರಡು ಅಂಕಣದ ಮನೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಈ ಸೀಮೆಯಲ್ಲಿ ಮನೆಯನ್ನು ಅಳೆಯುತ್ತಿದ್ದುದು ಹಾಗೆ. ಆ ಹನ್ನೆರಡರಲ್ಲಿ ಎಂಟನ್ನು ಪಡಸಾಲೆಯೇ ನುಂಗಿದೆ. ತೇಗದ ಕಂಬಗಳು ಕೈ ತಾಗುವಷ್ಟು ಎತ್ತರದವರೆಗೆ ನುಣುಪಾಗಿ ಕಪ್ಪಗಿವೆ, ಅದರಿಂದ ಮೇಲೆ ಮರದ ಬಣ್ಣ ಹಾಗೇ ಇದೆ. ತಲೆ ಎತ್ತಿದರೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ. ಅದರಾಚೆ ಕಾಣದೆ ಇರುವುದು ಒಂದು ಮೊಳಕ್ಕೂ ಹೆಚ್ಚು ದಪ್ಪದ ಮಣ್ಣು. ಬಯಲುಸೀಮೆಯ ಮಾಳಿಗೆ ಮನೆ ನಿಂತಿರುವುದೇ ಆ ಮಣ್ಣಿನ ಮೇಲೆ. ಚೌಳು ಮಣ್ಣನ್ನು ಹದ ಮಾಡಿ ಹಾಸಿ ಬಡಿದರೆ ಮಳೆನೀರು ಕೆಳಗಿಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಹೊರಗೆ ನಲವತ್ತು ಡಿಗ್ರಿ ಬಿಸಿಲು ಸುಡುತ್ತಿದ್ದರೂ ಒಳಗೆ ಮಧ್ಯಾಹ್ನ ನಿದ್ದೆ ಬರುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಹುಲ್ಲು ಕಿತ್ತು ಹೊಸ ಮಣ್ಣು ಹಾಕಬೇಕು. ಆ ಕೆಲಸ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಬಹಳ ಮನೆಗಳಲ್ಲಿ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದ್ದಾರೆ. ಈ ಮನೆಯವರು ಹಿಂದಿನ ಹೊಸ ಕೋಣೆಗಳಿಗಷ್ಟೇ ಸಿಮೆಂಟು ಹಾಕಿಸಿ, ಮುಂದಿನ ಮಾಳಿಗೆಯನ್ನು ಉಳಿಸಿಕೊಂಡಿದ್ದಾರೆ. ಅದಕ್ಕೆ ಅವರಿಗೊಂದು ನಮಸ್ಕಾರ ಸಲ್ಲಬೇಕು.

ಪಡಸಾಲೆಯ ನಡುವೆ ಮೇಲೊಂದು ಗವಾಕ್ಷಿ. ಬೆಳಗ್ಗೆ ಎಂಟಕ್ಕೆ ಅದರಿಂದ ಬೀಳುವ ಬಿಸಿಲ ಚೌಕ ಪಶ್ಚಿಮದ ಗೋಡೆಯಲ್ಲಿರುತ್ತದೆ, ಹನ್ನೆರಡಕ್ಕೆ ನೆಲಕ್ಕಿಳಿಯುತ್ತದೆ. ಮಕ್ಕಳು ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅರ್ಧ ಗಂಟೆಗೊಮ್ಮೆ ಬಂದು ಎಷ್ಟು ಸರಿಯಿತೆಂದು ನೋಡುತ್ತಿದ್ದರು. ಅವರ ಫೋನುಗಳು ಗೂಡಿನಲ್ಲಿದ್ದವು. ಯಾರೂ ಕಿತ್ತಿಟ್ಟದ್ದಲ್ಲ, ತಾವಾಗಿಯೇ ಇಟ್ಟು ಮರೆತದ್ದು.

ತಂಡವಾಗಿ ಹೋಗುವವರಿಗೆ ಮನೆ ಎಂಥದ್ದಿರಬೇಕು ಎಂದು ನನ್ನನ್ನು ಕೇಳಿದರೆ, ಕೋಣೆಗಳ ಲೆಕ್ಕ ಬಿಡಿ, ಪಡಸಾಲೆ ಎಷ್ಟು ದೊಡ್ಡದಿದೆ ನೋಡಿ ಎನ್ನುತ್ತೇನೆ. ಇಪ್ಪತ್ತು ಕೋಣೆಯ ಹೋಟೆಲಿನಲ್ಲಿ ಇಪ್ಪತ್ತು ಬಾಗಿಲು ಮುಚ್ಚಿಕೊಳ್ಳುತ್ತವೆ. ಊಟದ ಹೊತ್ತಿಗೆ ಮಾತ್ರ ಮುಖ ಕಾಣುತ್ತದೆ. ಪಡಸಾಲೆಯಲ್ಲಿ ಜಮಖಾನ ಹಾಸಿದರೆ ದೊಡ್ಡಮ್ಮನ ಮೊಣಕಾಲು ನೋವು ಹತ್ತು ಜನಕ್ಕೆ ಗೊತ್ತಾಗುತ್ತದೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ತಟ್ಟೆಯ ಮಂಡಕ್ಕಿಗೆ ಕೈ ಹಾಕಬೇಕಾಗುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಮಾತು ಶುರುವಾದದ್ದು ಹೊಲದ ಬದುವಿನ ವಿಚಾರಕ್ಕೇ, ಆದರೆ ಅಂದು ದನಿ ಏರಲಿಲ್ಲ.

ಕೂಡಿ ಇಳಿದುಕೊಳ್ಳುವ ಜಾಗಕ್ಕೆ ಈ ನೆಲ ಹೊಸದಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ಬೀದಿಯಲ್ಲಿ ಸಾಲು ಮಂಟಪಗಳಿವೆ. ಒಂದು ಕಾಲದ ಅಂಗಡಿಸಾಲು ಅದು. ಮುಂದೆ ಜಾತ್ರೆಗೆ ಬಂದವರು ಅದರಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಬರುಬರುತ್ತಾ ಅಲ್ಲೇ ಸಂಸಾರಗಳು ನೆಲೆಸಿ, 2011ರಲ್ಲಿ ಅವರನ್ನು ತೆರವು ಮಾಡಿಸಲಾಯಿತು. ಹೊಸಪೇಟೆ ಹುಟ್ಟಿದ್ದೇ ಕೃಷ್ಣದೇವರಾಯನ ಕಾಲದ ನಾಗಲಾಪುರವಾಗಿ. ರಾಜಧಾನಿಯ ಗದ್ದಲದಿಂದ ಹೊರಗಿದ್ದ ಈ ಊರು ಅರಸನಿಗೆ ಇಷ್ಟದ ವಾಸಸ್ಥಾನವಾಗಿತ್ತು ಎನ್ನುತ್ತದೆ ಹಳೆಯ ಬಳ್ಳಾರಿ ಗೆಜೆಟಿಯರ್. ಬ್ರಿಟಿಷ್ ಅಧಿಕಾರಿಗಳು ಕಮಲಾಪುರದ ಹಳೆಯ ಗುಡಿಯೊಂದನ್ನೇ ಬಂಗಲೆ ಮಾಡಿಕೊಂಡು ತಂಗುತ್ತಿದ್ದರು. ತುಂಗಭದ್ರಾ ಅಣೆಕಟ್ಟೆಯ ಪಕ್ಕದ ಗುಡ್ಡದ ಮೇಲೆ ವೈಕುಂಠ ಅತಿಥಿಗೃಹವಿದೆ. ಅಲ್ಲಿಂದ 33 ಕ್ರಸ್ಟ್ ಗೇಟುಗಳ ಸಾಲು, ಅದರ ಹಿಂದೆ ಕಡಲಿನಂತೆ ಹಬ್ಬಿದ ನೀರು ಒಟ್ಟಿಗೆ ಕಾಣುತ್ತವೆ.

ಅಡುಗೆಮನೆಯ ವಿಷಯಕ್ಕೆ ಬರುತ್ತೇನೆ. ಒಂದು ಮೂಲೆಯಲ್ಲಿ ಗ್ಯಾಸ್ ಇದೆ, ಚಹಾಕ್ಕೆ ಮತ್ತು ಸಾರಿಗೆ. ರೊಟ್ಟಿ ಮಾತ್ರ ಹಿತ್ತಲಿನ ಒಲೆಯ ಮೇಲೇ. ಅಡುಗೆಯಾಕೆ ಕುದಿಯುವ ಎಸರನ್ನು ಜೋಳದ ಹಿಟ್ಟಿನ ನಡುವಿನ ಗುಳಿಗೆ ಸುರಿದು, ಮೊದಲು ಸೌಟಿನಿಂದ ಕಲಸಿ, ಬಿಸಿ ಆರುವ ಮೊದಲೇ ಅಂಗೈಯಿಂದ ನಾದಿದರು. ಕೊಣಮಿಗೆಯಲ್ಲಿ ಹಿಟ್ಟುದುರಿಸಿ ಬಡಿಯತೊಡಗಿದರೆ ರೊಟ್ಟಿ ತಾನಾಗಿ ಸುತ್ತುತ್ತಾ ಅಗಲವಾಗುತ್ತದೆ. ಹೆಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಸವರಿ, ಮಗುಚಿ, ಕೆಂಡದ ಮುಂದೆ ಓರೆಯಾಗಿ ನಿಲ್ಲಿಸಿದ ಕೂಡಲೇ ಉಬ್ಬುತ್ತದೆ. ಬೆಂಗಳೂರಿನ ಸೊಸೆಯೊಬ್ಬಳು ಪಕ್ಕದಲ್ಲಿ ಕೂತು ತಾನೂ ಬಡಿದಳು. ಅಂಚು ಒಡೆಯಿತು. "ಕೈಗೆ ಸಿಟ್ಟು ಬರಬಾರದು ತಂಗಿ, ಮೆತ್ತಗ ಬಡಿ" ಅಂದರು ಆಕೆ. ನಾಲ್ಕನೆಯದು ದುಂಡಗೆ ಬಂತು. ಅದನ್ನು ಮಾವನವರ ತಟ್ಟೆಗೇ ಹಾಕಬೇಕೆಂದು ಓಡಿದಳು.

ಪಂಕ್ತಿ ಕೂತದ್ದು ಪಡಸಾಲೆಯಲ್ಲಿ, ಎದುರಿನ ತೋಟದಲ್ಲೇ ಕೊಯ್ದ ಬಾಳೆಎಲೆಗೆ. ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆಮೇಲೆ ಕಂಪ್ಲಿ ಗದ್ದೆಯ ಸೋನಾಮಸೂರಿ ಅನ್ನ, ಸಾರು. ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಈ ಜೋಡಿಯಿಲ್ಲದೆ ಬಳ್ಳಾರಿ ಸೀಮೆಯಲ್ಲಿ ಸಂಜೆ ಆಗುವುದಿಲ್ಲ.

ಮನೆಯ ಹಿಂದಿನ ಕಾಲುವೆಯ ಕಡೆ ಮಕ್ಕಳನ್ನು ದೊಡ್ಡವರಿಲ್ಲದೆ ಬಿಡಬೇಡಿರೆಂದು ಬಂದ ದಿನವೇ ಹೇಳಿದ್ದರು. ದಂಡೆಗೆ ಪಾಚಿ, ನೀರಿನ ಸೆಳವು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು. ಆದರೂ ಈ ಸೀಮೆಯ ಜೀವವಿರುವುದು ಕಾಲುವೆಗಳಲ್ಲಿ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ ಎಲ್ಲ ವಿಜಯನಗರದ ಕಾಲದವು, ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಹಂಪಿಯ ಪಾಳುಬಿದ್ದ ಅರಮನೆಗಳ ತಳಪಾಯ ತೋರಿಸಿ ವೈಭವದ ಮಾತಾಡುವ ಮಾರ್ಗದರ್ಶಿಗಳು, ಪಕ್ಕದಲ್ಲೇ ಹರಿಯುತ್ತಿರುವ ತುರ್ತು ಕಾಲುವೆಯತ್ತ ಒಂದು ಸಲ ಕೈ ತೋರಿಸಬೇಕು. ಆ ಸಾಮ್ರಾಜ್ಯದಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಭಾಗ ಅದು. ಇಂಥ ಕಾಲುವೆಯ ನೀರು ಕುಡಿದ ಕಬ್ಬು ಕಮಲಾಪುರದ ಸುತ್ತಿನ ಬೆಲ್ಲದ ಗಾಣಗಳಿಗೆ ಹೋಗುತ್ತದೆ. ಒಂದು ಬೆಳಗ್ಗೆ ಅಲ್ಲಿಗೆ ಹೋದೆವು. ಕೊಪ್ಪರಿಗೆಯಲ್ಲಿ ಪಾಕ ಉಕ್ಕುವಾಗ ಮೇಲೆ ಬರುವ ಕೊಳೆಯನ್ನು ಉದ್ದ ಹಿಡಿಕೆಯ ಜಾಲರಿಯಿಂದ ತೆಗೆಯುತ್ತಾ ನಿಂತಿದ್ದ ಹಿರಿಯರು, ನಮ್ಮ ಮೊಮ್ಮಗಳ ಕೈಗೆ ಎಲೆಯ ಮೇಲೆ ಬಿಸಿ ಬೆಲ್ಲ ಇಟ್ಟು, "ಊದಿಕೋತ ತಿನ್ನಬೇಕವ್ವಾ" ಅಂದರು.

ಸಂಡೂರಿಗೆ ಒಂದು ದಿನ ಎತ್ತಿಡಲೇಬೇಕು. ಕಂಪ್ಲಿಯ ಬಯಲಿನಿಂದ ಹೋದವರಿಗೆ ಅದು ಬೇರೆಯೇ ಲೋಕ. ಕೆಂಪು ಮಣ್ಣು, ಸುತ್ತ ಗುಡ್ಡ, ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡದ ಮೇಲೆಲ್ಲ ಹಸಿರು. 1934ರಲ್ಲಿ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಎಂದಿದ್ದರೆಂದು ಇಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ ಈಗ ಅತಿಥಿಗಳಿಗೆ ತೆರೆದಿದೆ. 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಆಳಿದ ಮನೆತನ ಅದು. ಅರಮನೆಗೆ ಅರಮನೆಯ ಚೆಲುವಿದೆ, ಹಿರಿಯರ ಷಷ್ಟ್ಯಬ್ದಿಯಂಥ ಸಮಾರಂಭಕ್ಕೆ ಅಲ್ಲಿಗೇ ಹೋಗಬೇಕು. ಊರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಕೆಲಸ ನಡೆಯುತ್ತದೆ. ಭೌಗೋಳಿಕ ಸೂಚಕ ಪಡೆದ ಕಸೂತಿ ಅದು. ನಮ್ಮ ಚಿಕ್ಕಮ್ಮಂದಿರು ಅಲ್ಲಿಂದ ಹೊರಡಲು ಒಪ್ಪಲೇ ಇಲ್ಲ.

ಇನ್ನೂ ಮೇಲೆ ಹತ್ತಿದರೆ ರಾಮನದುರ್ಗ. ಮೂರು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿ ರಾಮನ ಗುಡಿ, ಕೋಟೆಯ ಅವಶೇಷ. ಬಳ್ಳಾರಿ ದಂಡಿನ ಸಿಪಾಯಿಗಳು ಬಿಸಿಲಿಗೆ ಬಳಲಿದಾಗ ಬ್ರಿಟಿಷರು ಅವರನ್ನು ಚೇತರಿಸಿಕೊಳ್ಳಲು ಈ ಗುಡ್ಡಕ್ಕೆ ಕಳಿಸುತ್ತಿದ್ದರು. 19ನೆಯ ಶತಮಾನದ ನಡುವಿನಲ್ಲಿ ಇಲ್ಲಿ ಬ್ಯಾರಕ್ಕು, ಬಂಗಲೆಗಳು ಎದ್ದವು. ಗುಂಪಾಗಿ ಬಂದು ತಂಗಿ ಹೋಗುವ ತಾಣ ಆಗ ಇದೂ ಒಂದಾಗಿತ್ತು. ಈಗ ಆ ಬಂಗಲೆಗಳು ಗೋಡೆಯಷ್ಟೇ ಉಳಿದು ಬಳ್ಳಿ ಹಬ್ಬಿಸಿಕೊಂಡಿವೆ. ಕಬ್ಬಿಣದ ಅದಿರಿಗಾಗಿ ಈ ಗುಡ್ಡಗಳನ್ನು ಕೊರೆದ ಗುರುತುಗಳು ಅಲ್ಲಿ ನಿಂತರೆ ಕಾಣುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕದೆ ಹೋಗಿದ್ದರೆ ಸೆಪ್ಟೆಂಬರ್‌ನ ಹಸಿರು ಇನ್ನಷ್ಟು ಕರಗುತ್ತಿತ್ತು ಎಂಬುದು ನನ್ನ ನಂಬಿಕೆ.

ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಹಂಪಿಯ ಎದುರಿನ ದಂಡೆಯಲ್ಲಿ ಗುಡಿಸಲು, ಉಯ್ಯಾಲೆ, ಹೋಟೆಲು ಒಂದರ ಪಕ್ಕ ಒಂದು ಎದ್ದು, ದೇಶವಿದೇಶದ ಹುಡುಗರಿಗೆ ಹೆಸರಾದ ಜಾಗ ಅದು. ಹಂಪಿ ಪ್ರದೇಶದ ನಿಯಮಗಳಿಗೆ ವಿರುದ್ಧವೆಂದು ಮೊಕದ್ದಮೆ ನಡೆದು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ದುಡಿಮೆ ಕಳೆದುಕೊಂಡವರ ಸಂಕಟ ದೊಡ್ಡದು. ಆದರೆ ಹೊಳೆಯ ದಂಡೆಗೆ ಆ ಭಾರ ಹೊರುವ ಶಕ್ತಿ ಇರಲಿಲ್ಲ. ಪಕ್ಕದ ಆನೆಗೊಂದಿಯಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಕಿಷ್ಕಿಂದಾ ಟ್ರಸ್ಟ್ 1997ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಊರಿನ ಹಳೆಯ ಮನೆಗಳನ್ನೇ ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುವುದು, ಬಾಳೆನಾರಿನಿಂದ ಚೀಲ, ಚಾಪೆ ಮಾಡಿ ಊರಿನ ಹೆಣ್ಣುಮಕ್ಕಳು ದುಡಿಯುವುದು, ಇವೆಲ್ಲ ಅಲ್ಲಿ ನಡೆದುಬಂದಿವೆ. ಬಂದವರು ಊರೊಳಗೇ ಉಳಿಯುತ್ತಾರೆ, ದುಡ್ಡೂ ಊರೊಳಗೇ ಉಳಿಯುತ್ತದೆ. ಕಂಪ್ಲಿ ರಸ್ತೆಯ ಈ ದೊಡ್ಡ ಮನೆಯಲ್ಲೂ ಅದೇ ಲೆಕ್ಕ: ಹಾಲು ಪಕ್ಕದ ಮನೆಯದು, ತರಕಾರಿ ಎದುರಿನ ಹೊಲದ್ದು, ಅಡುಗೆಗೆ ಬರುವವರು ಓಣಿಯವರು.

ರಾತ್ರಿ ಎಲ್ಲರೂ ಹಾಸಿಗೆ ಹೊತ್ತು ಮಾಳಿಗೆ ಹತ್ತಿದೆವು. ಹಿಂದಿನ ಕೋಣೆಗಳಲ್ಲಿ ಮಂಚ, ಎಸಿ ಎರಡೂ ಇದ್ದವು. ಮಂಡಿ ನೋವಿನವರು ಮಾತ್ರ ಅಲ್ಲಿ ಮಲಗಿದರು. ದೂರದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕು ದಿಗಂತದ ಮೇಲೆ ಕೆಂಪಗೆ ಕಂಡಿತು. ಇನ್ನೊಂದು ದಿಕ್ಕಿಗೆ ಕತ್ತಲೆ. ಅತ್ತ ದರೋಜಿಯ ಕರಡಿಧಾಮ, 1994ರಲ್ಲಿ ಆದದ್ದು. ಬೋರೆ, ಸೀತಾಫಲ ಹಣ್ಣಾಗುವ ಕಾಲದಲ್ಲಿ ಕರಡಿಗಳು ಹೊಲದಂಚಿಗೂ ಬರುವುದುಂಟು. ಬ್ಯಾಟರಿ ಇಲ್ಲದೆ ಹಿತ್ತಲಿಗೆ ಹೋಗಬೇಡಿ, ಎಂಜಲು ಹೊರಗೆ ಚೆಲ್ಲಬೇಡಿ ಎಂದು ಕಾವಲಿನ ಅಣ್ಣ ಮತ್ತೆ ಮತ್ತೆ ಹೇಳಿದ. ಹುಬ್ಬಳ್ಳಿಯ ಮಾವ ಗಂಡುಗಲಿ ಕುಮಾರರಾಮನ ಕಥೆ ಎತ್ತಿಕೊಂಡರು. ಕಂಪ್ಲಿ ಅವನ ಅಪ್ಪ ಕಂಪಿಲರಾಯನ ನೆಲ. ಕಥೆ ದಿಲ್ಲಿಯ ದಂಡು ಬರುವಲ್ಲಿಗೆ ಮುಟ್ಟುವಷ್ಟರಲ್ಲಿ ಮಕ್ಕಳು ನಿದ್ದೆಹೋಗಿದ್ದರು. ದೊಡ್ಡವರು ಮಾತ್ರ ಮುಂದೇನಾಯಿತೆಂದು ಕೇಳುತ್ತಾ ಎದ್ದು ಕೂತರು.

ಹೋಗುವವರಿಗೆ ಒಂದೆರಡು ಮಾತು. ಆಷಾಢ ಕಳೆದ ಮೇಲೆ ಮಾಘದವರೆಗೆ ಒಳ್ಳೆಯ ಕಾಲ. ಬೇಸಿಗೆ ರಜೆಯಲ್ಲಿ ಹಂಪಿಯ ಬಂಡೆಗಳು ಕಾದು, ಗುಡಿ ಸುತ್ತುವುದು ವಯಸ್ಸಾದವರ ಕೈಲಿ ಆಗುವುದಿಲ್ಲ. ಅಣೆಕಟ್ಟೆ ತುಂಬಿ ಹೊಳೆಗೆ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆಗ ಆನೆಗೊಂದಿಗೆ ಹೋಗುವವರು ಕಡೇಬಾಗಿಲು ಸೇತುವೆಯ ದಾರಿ ಹಿಡಿಯಬೇಕು. ಮನೆ ಹಿಡಿಯುವ ಮುನ್ನ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಕೇಳಿ, ಪಂಚಾಯಿತಿಯ ಪರವಾನಗಿ ಕೇಳಿ. ರಾತ್ರಿ ಹತ್ತರ ಮೇಲೆ ಸೌಂಡ್ ಸಿಸ್ಟಂ ಬೇಡ. ಬೆಳಗ್ಗೆ ಐದಕ್ಕೆ ಎದ್ದು ನಾಟಿಗೆ ಹೋಗುವವರು ಪಕ್ಕದಲ್ಲೇ ಮಲಗಿರುತ್ತಾರೆ.

ಹೊರಡುವ ದಿನ ಟೆಂಪೊ ಟ್ರಾವೆಲರ್‌ನ ಮೇಲೆ ಸುಗಂಧಿ ಬಾಳೆಯ ಎರಡು ಗೊನೆ, ಅರ್ಧ ಚೀಲ ಸೋನಾಮಸೂರಿ, ಗಾಣದಲ್ಲಿ ಕೊಂಡ ಬೆಲ್ಲದ ಅಚ್ಚುಗಳು ಏರಿದವು. ಅಣ್ಣತಮ್ಮಂದಿರಿಬ್ಬರೂ ಹಗ್ಗದ ಎರಡು ತುದಿ ಹಿಡಿದು ಬಿಗಿಯುತ್ತಿದ್ದರು. ಮುಂದಿನ ವರ್ಷ ದೀಪಾವಳಿಗೆ ಈ ಮನೆಯನ್ನೇ ಹಿಡಿಯಬೇಕು, ಮುಂಗಡ ಈಗಲೇ ಕೊಟ್ಟುಬಿಡೋಣ ಎಂದು ತಮ್ಮ ಅಂದ. ಅರ್ಧ ನಾನು ಹಾಕ್ತೀನಿ ಎಂದು ಅಣ್ಣ ಫೋನು ತೆಗೆದು ದುಡ್ಡು ಕಳಿಸಿದರು.