ನಿಮಗಿದು ಗೊತ್ತೆ?: ರಾಣಿಯ ಗೌನಿನಲ್ಲಿ ಭಾರತದ ತಾವರೆ

1953ರ ಜೂನ್ 2ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಟ್ಟಾಭಿಷೇಕಕ್ಕೆ ಕುಳಿತಾಗ ಎರಡನೇ ಎಲಿಜಬೆತ್ ತೊಟ್ಟಿದ್ದ ಬಿಳಿ ಸ್ಯಾಟಿನ್ ಗೌನ್ ಮೊದಲು ಮೂಡಿದ್ದು ಕಾಗದದ ಮೇಲೆ. ವಸ್ತ್ರವಿನ್ಯಾಸಕ ನಾರ್ಮನ್ ಹಾರ್ಟ್‌ನೆಲ್ ಒಟ್ಟು ಒಂಬತ್ತು ಚಿತ್ರಗಳನ್ನು ಬರೆದು ರಾಣಿಯ ಮುಂದಿಟ್ಟಿದ್ದರು. ಆಕೆ ಮೆಚ್ಚಿದ್ದು ಎಂಟನೆಯದನ್ನು. ಆದರೆ ಕಸೂತಿ ಬರೀ ಬೆಳ್ಳಿಯ ಬಣ್ಣದಲ್ಲಿರುವುದು ಬೇಡ, ಬಣ್ಣಬಣ್ಣದ್ದಾಗಿರಲಿ, ಬ್ರಿಟನ್ನಿನ ಲಾಂಛನಗಳ ಜೊತೆ ಕಾಮನ್‌ವೆಲ್ತ್ ದೇಶಗಳ ಲಾಂಛನಗಳೂ ಸೇರಲಿ ಎಂದರು. ಚಿತ್ರಕ್ಕೆ ಜೀವ ಬಂದದ್ದೇ ಈ ಸಲಹೆಯಿಂದ.

ಕೆನಡಾದ ಮೇಪಲ್ ಎಲೆ, ಆಸ್ಟ್ರೇಲಿಯಾದ ವ್ಯಾಟಲ್ ಹೂ, ನ್ಯೂಜಿಲೆಂಡಿನ ಜರೀಗಿಡದ ಎಲೆ, ಪಾಕಿಸ್ತಾನದ ಗೋಧಿ, ಹತ್ತಿ, ಸೆಣಬು ಹೀಗೆ ಒಂದೊಂದಾಗಿ ಬಂದವು. ಭಾರತಕ್ಕೆ ತಾವರೆ. ಆ ಹೊತ್ತಿಗೆ ನಾವು ಗಣರಾಜ್ಯವಾಗಿ ಮೂರು ವರ್ಷ ಕಳೆದಿತ್ತು; ಆಕೆ ನಮ್ಮ ರಾಣಿಯಾಗಿರಲಿಲ್ಲ. ಕಾಮನ್‌ವೆಲ್ತ್ ಸದಸ್ಯ ದೇಶವೆಂಬ ಕಾರಣಕ್ಕೆ ಸಂದ ಗೌರವವದು. ಮುತ್ತಿನ ಚಿಪ್ಪು, ಸಣ್ಣ ಮುತ್ತುಗಳನ್ನು ಪೋಣಿಸಿ ಹೊಲಿದ ಆ ಎಸಳುಗಳ ನಾಜೂಕು ನೋಡಿಯೇ ತಿಳಿಯಬೇಕು.

ವೇಲ್ಸ್‌ಗೆ ಡ್ಯಾಫೊಡಿಲ್ ಹೂ ಬಿಡಿಸಬೇಕೆಂದು ಹಾರ್ಟ್‌ನೆಲ್‌ಗೆ ಆಸೆಯಿತ್ತು. ಲಾಂಛನಗಳ ಅಧಿಕಾರಿ ಒಪ್ಪಲಿಲ್ಲ. ಈರುಳ್ಳಿ ಜಾತಿಯ ಲೀಕ್ ಎಂಬ ತರಕಾರಿಯನ್ನೇ ಹಾಕಬೇಕಾಯಿತು. ಅದನ್ನೂ ಹೊಳೆಯುವಂತೆ ಕಸೂತಿ ಮಾಡಿಸಿದ್ದು ಅವರ ಕೈಚಳಕ.

ಯಾರಿಗೂ ಹೇಳದೆ ಅವರು ಸೇರಿಸಿದ್ದು ಒಂದೇ ಒಂದು: ಅದೃಷ್ಟದ ಗುರುತಾದ ನಾಲ್ಕೆಸಳಿನ ಕ್ಲೋವರ್. ಸಮಾರಂಭದ ವೇಳೆ ರಾಣಿಯ ಕೈಗೆ ತಾಕಲೆಂದು ಅದನ್ನು ಲಂಗದ ಎಡಬದಿಗೆ ಹೊಲಿಸಿದ್ದರು.