ರೊಟ್ಟಿ ಬಿಟ್ಟರೆ ತೂಕ ಇಳಿದೀತೇ?

ಎರಡು ವರ್ಷಗಳ ಹಿಂದೆ ಬಂಧುಗಳ ಮನೆಯ ಮದುವೆಗೆಂದು ಧಾರವಾಡದ ಸಮೀಪದ ಒಂದು ಗ್ರಾಮಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ನಮ್ಮ ಪಕ್ಕಕ್ಕೆ ಕುಳಿತವರು ನಮ್ಮ ಸೋದರಮಾವನವರು. ಅರವತ್ತರ ಹತ್ತಿರದ ವಯಸ್ಸು. ಒಂದು ಕಾಲಕ್ಕೆ ಐದಾರು ರೊಟ್ಟಿಗಳನ್ನು ಲೀಲಾಜಾಲವಾಗಿ ಮುಗಿಸುತ್ತಿದ್ದವರು. ಬಡಿಸುತ್ತಿದ್ದ ಹೆಣ್ಣುಮಗಳು ಹೋಳಿಗೆಯ ಬುಟ್ಟಿ ಹಿಡಿದು ಬಂದು "ಒಂದರ ಹಾಕ್ಕೋರಿ ಮಾವಾರ" ಎಂದಾಗ, ಅವರು ಎಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದು "ಬ್ಯಾಡವ್ವಾ, ನಾ ರೊಟ್ಟಿ ಅನ್ನಾನೂ ಬಿಟ್ಟೀನಿ" ಎಂದುಬಿಟ್ಟರು. ಎಲೆಯಲ್ಲಿದ್ದುದು ಬದನೆಕಾಯಿ ಪಲ್ಯ, ಸೌತೆಕಾಯಿಯ ಹೋಳುಗಳು, ಒಂದಿಷ್ಟು ತುಪ್ಪ, ಇಷ್ಟೇ. ಆರು ವಾರಗಳಲ್ಲಿ ಏಳು ಕಿಲೋ ಇಳಿದಿರುವುದಾಗಿ ಅವರು ಹೆಮ್ಮೆಯಿಂದ ಹೇಳಿದಾಗ ಪಂಕ್ತಿಯಲ್ಲಿದ್ದ ನಾಲ್ಕಾರು ಮಂದಿ ಊಟ ನಿಲ್ಲಿಸಿ ಆಲಿಸತೊಡಗಿದರು. ಮಧುಮೇಹಕ್ಕಾಗಿ ಅವರು ಹತ್ತು ವರ್ಷಗಳಿಂದ ಗುಳಿಗೆ ಸೇವಿಸುತ್ತಿದ್ದಾರೆಂಬುದು ಅಲ್ಲಿದ್ದ ಬಹುಮಂದಿಗೆ ಗೊತ್ತಿದ್ದ ಸಂಗತಿ. ಆದರೆ ಆ ಗುಳಿಗೆಯ ಮಾತನ್ನು ನಾವೂ ಸೇರಿದಂತೆ ಯಾರೂ ಎತ್ತಲಿಲ್ಲ. ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ರೊಟ್ಟಿ, ಅನ್ನ, ಚಪಾತಿಗಳನ್ನು ತ್ಯಜಿಸಿ ಮೈ ಇಳಿಸಿಕೊಳ್ಳುವ ಈ ಪದ್ಧತಿ ಇಂದು ನಮ್ಮ ಅನೇಕ ಮನೆಗಳನ್ನು ಪ್ರವೇಶಿಸಿದೆ. ಇದು ಹಿತವೋ ಅಹಿತವೋ ಎಂದು ಕೇಳುವವರಿಗೆ ಒಂದೇ ಮಾತಿನಲ್ಲಿ ಉತ್ತರಿಸುವುದು ಸಾಧ್ಯವಿಲ್ಲ. ಎಷ್ಟು ಬಿಟ್ಟರು, ಬಿಟ್ಟ ಸ್ಥಳದಲ್ಲಿ ಏನನ್ನು ತುಂಬಿದರು, ಬಿಟ್ಟವರು ಯಾರು ಎಂಬ ಮೂರು ಸಂಗತಿಗಳ ಮೇಲೆ ಉತ್ತರವು ನಿಂತಿದೆ.

ವೈದ್ಯರು ಕಾರ್ಬೋಹೈಡ್ರೇಟ್ ಎಂದೂ ಶಾಲೆಯ ಪಠ್ಯಗಳು ಶರ್ಕರಪಿಷ್ಟವೆಂದೂ ಕರೆಯುವ ಅಂಶವು ಧಾನ್ಯ, ಬೆಲ್ಲ, ಸಕ್ಕರೆ, ಹಣ್ಣು, ಗೆಡ್ಡೆ, ಬೇಳೆಗಳಲ್ಲೆಲ್ಲ ಇದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಜೋಳ ಹಾಗೂ ರಾಗಿಗಳಲ್ಲಿ ಸುಮಾರು 72 ಗ್ರಾಂ. ಸಿರಿಧಾನ್ಯ ತಿಂದರೆ ಶರ್ಕರಪಿಷ್ಟವೇ ಇಲ್ಲವೆಂದು ನಂಬಿ ನವಣೆ, ಸಾಮೆಗಳ ಅನ್ನವನ್ನು ತಟ್ಟೆ ತುಂಬ ಉಣ್ಣುವವರನ್ನು ನಾವು ಕಂಡಿದ್ದೇವೆ. ಅವುಗಳಲ್ಲಿ ನಾರು ಹೆಚ್ಚೆಂಬುದು ದಿಟ. ಆದರೆ ಶರ್ಕರಪಿಷ್ಟವೂ ನೂರಕ್ಕೆ ಅರವತ್ತರಿಂದ ಎಪ್ಪತ್ತು ಗ್ರಾಮಿನಷ್ಟು ಇದ್ದೇ ಇದೆ.

ಈ ಪದ್ಧತಿ ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ವ್ಯಾಪಾರಿಯಿದ್ದ. ಅಂತ್ಯಸಂಸ್ಕಾರದ ಏರ್ಪಾಟು ಅವನ ಮನೆತನದ ವೃತ್ತಿ. ಐದಡಿ ಐದಂಗುಲ ಎತ್ತರದ ಆತ 66ನೆಯ ವಯಸ್ಸಿನಲ್ಲಿ 202 ಪೌಂಡು, ಎಂದರೆ ಸುಮಾರು 92 ಕಿಲೋ ತೂಗುತ್ತಿದ್ದ. ಬಾಗಿ ಪಾದರಕ್ಷೆಯ ದಾರ ಕಟ್ಟಲಾರ, ಮೆಟ್ಟಿಲು ಇಳಿಯುವಾಗ ಹಿಮ್ಮುಖವಾಗಿ ಇಳಿಯಬೇಕು. ಕಿವಿ ಮಂದವಾಯಿತೆಂದು ಹಾರ್ವೆ ಎಂಬ ವೈದ್ಯನ ಬಳಿ ಹೋದಾಗ ಆ ವೈದ್ಯ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಿಸಿದ. ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ಅಚ್ಚು ಹಾಕಿಸಿದ ಕಿರುಹೊತ್ತಗೆ ಎಷ್ಟು ಪ್ರಸಿದ್ಧವಾಯಿತೆಂದರೆ, ಸ್ವೀಡನ್ ದೇಶದ ಭಾಷೆಯಲ್ಲಿ ಮೈ ಇಳಿಸಲು ಪಥ್ಯ ಮಾಡುವುದಕ್ಕೆ ಇಂದಿಗೂ ಅವನ ಹೆಸರಿನಿಂದ ಬಂದ ಕ್ರಿಯಾಪದವೇ ಇದೆ. ಬ್ರೆಡ್ಡು ಹೋದ ಜಾಗದಲ್ಲಿ ಅವನ ತಟ್ಟೆಗೆ ಬಂದುದು ಮಾಂಸ ಮತ್ತು ಮೀನು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. 1972ರಲ್ಲಿ ಅಮೆರಿಕೆಯ ವೈದ್ಯ ರಾಬರ್ಟ್ ಆಟ್ಕಿನ್ಸ್ ತನ್ನ ಗ್ರಂಥದ ಮೂಲಕ ಇದೇ ಮಾರ್ಗವನ್ನು ಪುನಃ ಜನಪ್ರಿಯಗೊಳಿಸಿದರು. ಅವರ ಪದ್ಧತಿಯ ಆರಂಭದ ಹಂತದಲ್ಲಿ ದಿನಕ್ಕೆ ಸುಮಾರು 20 ಗ್ರಾಂ ಶರ್ಕರಪಿಷ್ಟಕ್ಕಷ್ಟೇ ಅವಕಾಶ. ನಲವತ್ತು ಗ್ರಾಂ ಹಿಟ್ಟಿನ ಒಂದೇ ಜೋಳದ ರೊಟ್ಟಿಯಲ್ಲಿ ಸುಮಾರು 28 ಗ್ರಾಂ ಇರುತ್ತದೆ! ಮಾಂಸ, ಮೊಟ್ಟೆಗಳನ್ನು ಮುಟ್ಟದ ಮನೆಯಲ್ಲಿ ಈ ಲೆಕ್ಕ ಹಿಡಿದರೆ ಬೇಳೆಯೂ ವರ್ಜ್ಯವಾಗುತ್ತದೆ, ಏಕೆಂದರೆ ತೊಗರಿಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಶರ್ಕರಪಿಷ್ಟವೇ. ಉಳಿಯುವುದು ಪನೀರು, ತುಪ್ಪ, ಕಾಯಿಪಲ್ಯ, ಒಂದಿಷ್ಟು ಶೇಂಗಾ, ಬಾದಾಮಿ. ಇದರಲ್ಲಿ ವರ್ಷಗಟ್ಟಲೆ ಬದುಕುವುದು ಎಷ್ಟು ಮಂದಿಗೆ ಸಾಧ್ಯ?

ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುವುದೇ ಜನರನ್ನು ಮರುಳುಗೊಳಿಸುವ ಸಂಗತಿ. ನಮ್ಮ ಯಕೃತ್ತು ಹಾಗೂ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕಿಲೋದಷ್ಟು ಶರ್ಕರ ಸಂಗ್ರಹವಾಗಿರುತ್ತದೆ. ಅದರ ಪ್ರತಿಯೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಹಾರದಲ್ಲಿ ಶರ್ಕರ ನಿಂತಾಗ ಈ ಸಂಗ್ರಹ ಖರ್ಚಾಗಿ ನೀರು ಹೊರಗೆ ಹೋಗುತ್ತದೆ. ತೂಕದ ಯಂತ್ರ ಎರಡು ಕಿಲೋ ಕಡಿಮೆ ತೋರಿಸುತ್ತದೆ, ಕೊಬ್ಬು ಬಹುತೇಕ ಇದ್ದಲ್ಲಿಯೇ ಇರುತ್ತದೆ. ನಾಲ್ಕು ದಿನ ಮೊದಲಿನಂತೆ ಉಂಡರೆ ಆ ಎರಡು ಕಿಲೋ ಮರಳಿ ಬರುತ್ತವೆ. ಮುಂದಿನ ಹಂತದಲ್ಲಿ ದೇಹವು ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ವಸ್ತುಗಳನ್ನು ಇಂಧನವನ್ನಾಗಿ ಬಳಸಿಕೊಳ್ಳುತ್ತದೆ. ಆಗ ಹಸಿವು ಕುಗ್ಗುತ್ತದೆ, ಇದು ಈ ಪದ್ಧತಿಯ ನಿಜವಾದ ಅನುಕೂಲ. ಅದರ ಜೊತೆಯಲ್ಲಿಯೇ ತಲೆನೋವು, ಬಾಯಿಯ ದುರ್ವಾಸನೆ, ಮಲಬದ್ಧತೆ, ಕಾಲಿನ ಸೆಳೆತಗಳೂ ಅನೇಕರನ್ನು ಕಾಡುತ್ತವೆ.

ತೂಕ ಇಳಿಸುವುದರಲ್ಲಿ ಇದು ಇತರ ಪಥ್ಯಗಳಿಗಿಂತ ಮಿಗಿಲೇ ಎಂಬುದನ್ನು ವಿದ್ವಾಂಸರು ಅನೇಕ ಬಾರಿ ಪರೀಕ್ಷಿಸಿದ್ದಾರೆ. 2003ರಲ್ಲಿ ಅಮೆರಿಕೆಯಲ್ಲಿ 63 ಸ್ಥೂಲಕಾಯರ ಮೇಲೆ ನಡೆದ ಪ್ರಯೋಗದಲ್ಲಿ ಆರು ತಿಂಗಳವರೆಗೆ ಶರ್ಕರಪಿಷ್ಟ ಬಿಟ್ಟವರೇ ಮುಂದಿದ್ದರು. ಒಂದು ವರ್ಷ ತುಂಬುವಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಉಳಿಯಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಶರ್ಕರಪಿಷ್ಟ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದಿದ್ದರು. ಇಷ್ಟು ಅಂತರ ಗಣನೆಗೆ ಬರುವಂಥದಲ್ಲ. ಎರಡೂ ಗುಂಪಿನವರಿಗೆ ಸಕ್ಕರೆ, ಮೈದಾಗಳನ್ನು ದೂರವಿಟ್ಟು ತರಕಾರಿ ಹೆಚ್ಚಿಸಿರೆಂದು ಬೋಧಿಸಲಾಗಿತ್ತು. ಬಹುಶಃ ಗುಣ ಮಾಡಿದ್ದು ಅದೇ ಎಂದು ನಮಗೆ ತೋರುತ್ತದೆ.

ದೀರ್ಘಕಾಲದ ಪರಿಣಾಮದ ಮಾತು ಬೇರೆ. ಅಮೆರಿಕೆಯ 15,428 ಮಂದಿ ನಡುವಯಸ್ಸಿನವರನ್ನು ಸುಮಾರು 25 ವರ್ಷ ಗಮನಿಸಿದ ಒಂದು ಅಧ್ಯಯನ 2018ರಲ್ಲಿ ಹೊರಬಂದಿತು. ಒಟ್ಟು ಕ್ಯಾಲೊರಿಯ ಶೇಕಡ 50ರಿಂದ 55ರಷ್ಟನ್ನು ಶರ್ಕರಪಿಷ್ಟದಿಂದ ಪಡೆದವರಲ್ಲಿ ಮರಣ ಪ್ರಮಾಣ ಎಲ್ಲಕ್ಕಿಂತ ಕಡಿಮೆ; ತೀರ ಕಡಿಮೆ ತಿಂದವರಲ್ಲೂ ತೀರ ಹೆಚ್ಚು ತಿಂದವರಲ್ಲೂ ಅಧಿಕ. ಶರ್ಕರಪಿಷ್ಟದ ಬದಲು ಮಾಂಸ ತಿಂದವರಲ್ಲಿ ಅಪಾಯ ಹೆಚ್ಚಿತ್ತು. ಕಾಳು, ಬೀಜ, ತರಕಾರಿ ತಿಂದವರಲ್ಲಿ ಕಡಿಮೆಯಿತ್ತು. ಬರಿಯ ವೀಕ್ಷಣೆಯಿಂದ ಕಾರಣವು ಸಿದ್ಧವಾಗುವುದಿಲ್ಲವೆಂಬುದನ್ನು ಒಪ್ಪಿಕೊಂಡರೂ, ನಮ್ಮಂಥ ಸಸ್ಯಾಹಾರಿ ಕುಟುಂಬಗಳಿಗೆ ಇದು ಧೈರ್ಯ ಕೊಡುವ ವಾರ್ತೆ.

ಇನ್ನು ಮಾವನವರ ಕಥೆ. ಮದುವೆಯಾಗಿ ಹತ್ತು ದಿನ ಕಳೆದಿರಲಿಲ್ಲ. ಅಂದು ಮಧ್ಯಾಹ್ನ ಅವರು ಮಜ್ಜಿಗೆ, ಸೌತೆಕಾಯಿಗಳಲ್ಲೇ ಊಟ ಮುಗಿಸಿದ್ದರು. ಗುಳಿಗೆ ಮಾತ್ರ ಯಥಾಪ್ರಕಾರ. ಸಂಜೆ ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತವರ ಮೈ ಬೆವರಿ ಕೈ ನಡುಗತೊಡಗಿತು, ಮಾತು ತೊದಲಿತು. ಆಯಾಸವೆಂದು ತಿಳಿದು ಮನೆಯವರು ಮಲಗಿಸಲು ಹೊರಟಿದ್ದರು. ಸೊಸೆಗೆ ಮಾತ್ರ ಅನುಮಾನ ಬಂದು ಮನೆಯಲ್ಲಿದ್ದ ಯಂತ್ರದಿಂದ ರಕ್ತ ಪರೀಕ್ಷಿಸಿದಳು. ಸಕ್ಕರೆ 50ಕ್ಕೂ ಕೆಳಗೆ ಇಳಿದಿತ್ತು. ನುಂಗುವಷ್ಟು ಎಚ್ಚರವಿದ್ದುದರಿಂದ ಸಕ್ಕರೆ ಕದಡಿದ ನೀರು ಕುಡಿಸಿದಳು, ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಆಕೆ ಮನೆಯಲ್ಲಿರದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ನಾವು "ಗುಳಿಗೆ ಕಡಿಮೆ ಮಾಡಿಸಿದಿರಾ?" ಎಂಬ ಒಂದು ಪ್ರಶ್ನೆಯನ್ನಾದರೂ ಕೇಳಬಹುದಾಗಿತ್ತು.

ವಿಪರ್ಯಾಸವೆಂದರೆ, ಶರ್ಕರಪಿಷ್ಟವನ್ನು ಮಿತಗೊಳಿಸುವುದು ಮಧುಮೇಹಿಗಳಿಗೆ ಹಿತವೇ. ಅದರಿಂದ ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ. ಹತೋಟಿಗೆ ಬರುವುದರಿಂದಲೇ ಹಿಂದಿನ ಪ್ರಮಾಣದ ಔಷಧಿ ಅತಿಯಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಗುಳಿಗೆ ಸೇವಿಸುವವರು ವೈದ್ಯರಿಂದ ಪ್ರಮಾಣ ಬದಲಿಸಿಕೊಳ್ಳದೆ ರೊಟ್ಟಿ ಬಿಡಲೇಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಗಳನ್ನು ಸೇವಿಸುವವರಿಗೆ ಇನ್ನೊಂದು ಭಯವಿದೆ: ಸಕ್ಕರೆ ಏರದಿದ್ದರೂ ರಕ್ತದಲ್ಲಿ ಕೀಟೋನುಗಳು ಮಿತಿಮೀರಿ ಪ್ರಾಣಾಪಾಯ ಒದಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ವ್ಯಾಧಿಯಿರುವವರು ಈ ಕಠಿಣ ಪಥ್ಯದ ಗೊಡವೆಗೇ ಹೋಗಬಾರದು.

ಹಾಗಾದರೆ ನಮ್ಮ ಊಟದಲ್ಲಿ ದೋಷವೇ ಇಲ್ಲವೇ? ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಭಾರತೀಯರು ಶೇಕಡ 50ರಿಂದ 70ರಷ್ಟು ಕ್ಯಾಲೊರಿಯನ್ನು ಧಾನ್ಯಗಳಿಂದಲೇ ಪಡೆಯುತ್ತಿದ್ದಾರೆ. ಅದು 45ನ್ನು ಮೀರಬಾರದು. ಬೇಳೆಕಾಳು ಮೊದಲಾದವುಗಳ ಪಾಲು ಬಹಳ ಹಿಂದುಳಿದಿದೆ. ಎಂದರೆ ರೊಟ್ಟಿ ನಾಲ್ಕರಿಂದ ಎರಡಕ್ಕೆ ಇಳಿಯಬೇಕು, ಕಾಳಿನ ಪಲ್ಯ ಒಂದು ಚಮಚೆಯಿಂದ ಒಂದು ಬಟ್ಟಲಿಗೆ ಏರಬೇಕು. ಮಡಕೆಕಾಳು, ಹೆಸರುಕಾಳು, ಝುಣಕ, ಮೆಂತ್ಯ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರು, ಇವೆಲ್ಲ ನಮ್ಮ ಅಡುಗೆಮನೆಯಲ್ಲಿ ಇದ್ದವುಗಳೇ. ಆದರೆ ರೊಟ್ಟಿಗೆ ಹಚ್ಚಿಕೊಳ್ಳುವ ವಸ್ತುಗಳಾಗಿ ಉಳಿದುಬಿಟ್ಟಿವೆ. ದಿನಕ್ಕೆ ನಾಲ್ಕು ಬಾರಿ ಎರಡೆರಡು ಚಮಚೆ ಸಕ್ಕರೆಯ ಚಹಾ ಕುಡಿಯುವವರು ರೊಟ್ಟಿಯನ್ನು ದೂಷಿಸುವುದು ನಗೆಯ ಮಾತು. ಆ ಸಕ್ಕರೆಯೇ ಸುಮಾರು 40 ಗ್ರಾಂ. ಬಡಿಸಿದ ಪ್ರಸಾದವನ್ನು ಬಿಡಬಾರದೆಂದು ಬೆಳೆದವರು ನಾವು. ದಾಸೋಹದಲ್ಲಿ, ಮದುವೆ ಮನೆಯಲ್ಲಿ ಬಡಿಸುವ ಮೊದಲೇ "ಅರ್ಧ ಹಾಕ್ರಿ" ಎನ್ನಲು ಸಂಕೋಚಪಡಬೇಕಾಗಿಲ್ಲ.

ಮಾವನವರು ಈಗ ವೈದ್ಯರ ಸಲಹೆಯಂತೆ ಒಂದು ಗುಳಿಗೆಯನ್ನು ಬಿಟ್ಟಿದ್ದಾರೆ, ಇನ್ನೊಂದನ್ನು ಅರ್ಧಕ್ಕೆ ಇಳಿಸಿದ್ದಾರೆ. ಮಧ್ಯಾಹ್ನ ಎರಡು ರೊಟ್ಟಿ, ರಾತ್ರಿ ಒಂದು, ಎರಡೂ ಹೊತ್ತು ಕಾಳಿನ ಪಲ್ಯ. ಇಳಿದಿದ್ದ ಏಳು ಕಿಲೋಗಳಲ್ಲಿ ಮೂರು ಮರಳಿ ಬಂದವು. ಉಳಿದ ನಾಲ್ಕು ಎರಡು ವರ್ಷವಾದರೂ ಬಂದಿಲ್ಲ. ಕಳೆದ ತಿಂಗಳು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋದಾಗ ಅದೇ ಸೊಸೆ ಹೋಳಿಗೆ ಬಡಿಸುತ್ತ ಬಂದಳು. ಮಾವನವರು ಕೈ ಅಡ್ಡ ಹಿಡಿಯಲಿಲ್ಲ. ಅರ್ಧ ಹೋಳಿಗೆ ಹಾಕಿಸಿಕೊಂಡು ಅನ್ನ ಬೇಡವೆಂದರು.