ರಕ್ತದೊತ್ತಡ: ವಂಶದ ಬಳುವಳಿ ಎಷ್ಟು, ಉಪ್ಪಿನ ಪಾಲೆಷ್ಟು?

ಕಾರವಾರದ ಹಬ್ಬುವಾಡದಲ್ಲಾಗಲಿ ಅಂಕೋಲೆಯಲ್ಲಾಗಲಿ, ಅರುವತ್ತು ದಾಟಿದ ಇಬ್ಬರು ಕಲೆತರೆ ರಕ್ತದೊತ್ತಡದ ಮಾತು ಬಾರದಿರುವುದು ಅಪರೂಪ. "ತಂದೆಯವರಿಗೂ ಇತ್ತು, ಇದು ನಮ್ಮ ವಂಶಕ್ಕೇ ಅಂಟಿದ್ದು" ಎಂದು ನಿಟ್ಟುಸಿರಿಟ್ಟು ಉಪ್ಪಿನಕಾಯಿಯ ಭರಣಿಗೆ ಕೈಯಿಕ್ಕುವವರುಂಟು. ಈ ಮಾತಿನಲ್ಲಿ ಸತ್ಯವೆಷ್ಟು?

1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ವೈದ್ಯರು ಇದೇ ಪ್ರಶ್ನೆಯ ಮೇಲೆ ದೀರ್ಘ ವಾದ ನಡೆಸಿದರು. ಈ ವ್ಯಾಧಿ ಒಂದೇ ಜೀನಿನಿಂದ ಬರುವುದೆಂದು ರಾಬರ್ಟ್ ಪ್ಲಾಟರ ಮತ. ಜಾರ್ಜ್ ಪಿಕರಿಂಗರು ಒಪ್ಪಲಿಲ್ಲ. ಕುಳ್ಳರಿಗೂ ನೀಳಕಾಯರಿಗೂ ನಡುವೆ ಗೆರೆಯೆಳೆಯಲು ಹೇಗೆ ಸಾಧ್ಯವಿಲ್ಲವೋ, ರಕ್ತದೊತ್ತಡದಲ್ಲಿಯೂ ಹಾಗೆಯೇ. ಅದರ ಹಿಂದೆ ಅನೇಕ ಜೀನುಗಳಿವೆ ಎಂದರು. ಕಾಲವು ಪಿಕರಿಂಗರ ಪರವಾಗಿ ನಿಂತಿತು. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದಿಗೆ, ರಕ್ತದೊತ್ತಡಕ್ಕೆ ಸಂಬಂಧಿಸಿದ ಜೀನುತಾಣಗಳ ಸಂಖ್ಯೆ 900ನ್ನು ಮೀರಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಕೂಡಿದಾಗ ಮಾತ್ರ ಗಣನೀಯ.

ಆದರೂ ಪ್ಲಾಟರ ಮಾತು ಪೂರ್ತಿ ಹುಸಿಯಲ್ಲ. 1963ರಲ್ಲಿ ಅಮೆರಿಕದ ಗ್ರಾಂಟ್ ಲಿಡ್ಲ್ ವರ್ಣಿಸಿದ ಅತಿ ವಿರಳವಾದ ರೋಗದಲ್ಲಿ ಒಂದೇ ಜೀನಿನ ದೋಷದಿಂದ ಮೂತ್ರಪಿಂಡಗಳು ಸೋಡಿಯಂ ಅನ್ನು ಹೊರಬಿಡದೆ ಹಿಡಿದಿಡುತ್ತವೆ. ಸೋಡಿಯಂ ಉಳಿದರೆ ಅದರೊಡನೆ ನೀರೂ ಉಳಿಯುತ್ತದೆ, ಒತ್ತಡ ಏರುತ್ತದೆ.

ಇಲ್ಲಿಯೇ ಉಪ್ಪಿಗೂ ವಂಶಕ್ಕೂ ಗಂಟು ಬಿದ್ದಿರುವುದು. ಲೂಯಿಸ್ ಡಾಲ್ ಎಂಬ ವಿಜ್ಞಾನಿ ಇಲಿಗಳನ್ನು ಆರಿಸಿ ಆರಿಸಿ ತಳಿಯೆಬ್ಬಿಸಿ, 1962ರಲ್ಲಿ ಎರಡು ಕುಲಗಳನ್ನು ಜಗತ್ತಿಗೆ ತೋರಿಸಿದರು. ಉಪ್ಪು ತಿಂದೊಡನೆ ಒಂದು ಕುಲದ ಒತ್ತಡ ಏರುತ್ತಿತ್ತು, ಇನ್ನೊಂದು ಜಗ್ಗುತ್ತಿರಲಿಲ್ಲ. ಮುಂದೆ ಒಂದು ಕುಲದ ಮೂತ್ರಪಿಂಡವನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ ಕಂಡುದು ಇನ್ನೂ ಕೌತುಕಕರ: ಒತ್ತಡದ ಗುಣವು ಬಹುಮಟ್ಟಿಗೆ ಮೂತ್ರಪಿಂಡದ ಬೆನ್ನುಹತ್ತಿ ಹೋಯಿತು!

ಹಾಗಾದರೆ ಮುಪ್ಪಿನೊಡನೆ ಒತ್ತಡ ಏರುವುದು ಅನಿವಾರ್ಯವೆ? ವಯಸ್ಸಾದಂತೆ ಧಮನಿಗಳ ಗೋಡೆ ಬಿರುಸಾಗುವುದು ನಿಜ. ಆದರೆ ಅಮೆಜಾನಿನ ಕಾಡಿನ ಯಾನೊಮಾಮಿ ಜನರ ಆಹಾರದಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅವರಲ್ಲಿ ವಯಸ್ಸಿನೊಡನೆ ಒತ್ತಡ ಏರುವುದಿಲ್ಲವೆಂದು 1988ರ ಇಂಟರ್‌ಸಾಲ್ಟ್ ಅಧ್ಯಯನ ತಿಳಿಸಿತು. ಅವರ ಜೀನುಗಳೇ ಬೇರೆಯಿರಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ! ಕೀನ್ಯಾದ ಲುವೋ ಜನರು ಹಳ್ಳಿ ಬಿಟ್ಟು ನೈರೋಬಿ ನಗರಕ್ಕೆ ಬಂದ ಕೆಲವೇ ತಿಂಗಳಲ್ಲಿ ಅವರ ರಕ್ತದೊತ್ತಡ ಏರಿದುದು ಇದಕ್ಕೆ ಉತ್ತರ. ಅಷ್ಟರಲ್ಲಿ ಜೀನುಗಳು ಬದಲಾಗಿರಲಿಲ್ಲ. ಊಟ, ಬಾಳುವೆ ಬದಲಾಗಿದ್ದವು.

ನಮ್ಮ ಕರಾವಳಿಗೆ ಉಪ್ಪಿನ ಮೇಲೆ ಮಮತೆ ಹೆಚ್ಚು. ಸಾಣಿಕಟ್ಟೆಯ ಉಪ್ಪಿನಾಗರಗಳು ಇಲ್ಲಿಗೆ ದೂರವಲ್ಲ. 1930ರಲ್ಲಿ ಅಂಕೋಲೆಯ ಜನ ಉಪ್ಪಿಗಾಗಿ ಸತ್ಯಾಗ್ರಹವನ್ನೇ ಹೂಡಿದರು. ಮಳೆಗಾಲಕ್ಕೆಂದು ಕೂಡಿಡುವ ಒಣಮೀನು, ಮಿಡಿಗಾಯಿ, ಹಪ್ಪಳ ಎಲ್ಲದರಲ್ಲಿಯೂ ಉಪ್ಪೇ ರಕ್ಷಕ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವುದಾದರೋ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಯೂ ತುಂಬದಷ್ಟು.

ಹಿರಿಯರು ಉಪ್ಪನ್ನು ತಗ್ಗಿಸಿದಾಗ ಅವರ ಒತ್ತಡವು ಯುವಕರದಕ್ಕಿಂತ ಹೆಚ್ಚಾಗಿಯೇ ಇಳಿಯುತ್ತದೆ. ವೈದ್ಯರು ಕೊಟ್ಟ ಗುಳಿಗೆಯನ್ನು ಇದರಿಂದ ತಾವಾಗಿ ಬಿಡುವಂತಿಲ್ಲ. ತಂದೆತಾಯಿಗಳಿಬ್ಬರಿಗೂ ಈ ವ್ಯಾಧಿಯಿರುವ ಮನೆಯ ಮಕ್ಕಳು ಮುಪ್ಪಿನವರೆಗೆ ಕಾಯದೆ ಒತ್ತಡವನ್ನು ಅಳೆಸಿಕೊಳ್ಳುತ್ತಿರಬೇಕು. ಏರಿದ ಒತ್ತಡ ಸಾಮಾನ್ಯವಾಗಿ ಯಾವ ನೋವನ್ನೂ ಕೊಡುವುದಿಲ್ಲ.